ಎರಡನೇ ನಂಬರಿನ ವೈರು

ಇವತ್ತೂ ಅಕ್ಷರಗಳು ಸಾಲಿನಲ್ಲಿ ನಿಲ್ಲಲಿಲ್ಲ. ಶಾಂತಕುಮಾರಿ ಟರ್ಮಿನಲ್ಲಿನ ಮುಂದೆ ಕೂತು, ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಹೊಡೆದು, ರೇಷ್ಮೆ ಬೆಳೆಗಾರರ ಪಟ್ಟಿಯನ್ನು ತಿದ್ದಲೆಂದು ಎಡಿಟರಿನಲ್ಲಿ ತೆರೆದಿದ್ದೇ ತಡ, ಕೊಂಡಪ್ಪನ ಮೇಲೆ ಬಯ್ಯಪ್ಪ, ಬಯ್ಯಪ್ಪನ ಮೇಲೆ ಮುನಿಶಾಮಮ್ಮ ಬಂದು ಕೂತರು. ಒಂದಿಡೀ ಊರಿನ ಜನ ಪರದೆಯ ಕೆಳಗಿನ ಒಂದೇ ಗೆರೆಯಲ್ಲಿ ಒಬ್ಬರನ್ನೊಬ್ಬರು ತುಳಿದುಕೊಂಡು, ನಡುನಡುವೆ ಯಾರೂ ಹೊಡೆಯದ ಕಂಸಗಳೂ ಅಂಕಿಗಳೂ ಉದುರಿ, ಯಾರ ಹೆಸರೂ ಯಾರದೂ ಅಲ್ಲದಂತಾಯಿತು. ಮೇಲಿನ ಸಾಲಿಗೆ ಹೋಗಲೆಂದು ಬಾಣದ ಗುರುತಿನ ಕೀ ಒತ್ತಿದರೆ ಅದು ಮೇಲೆ ಹೋಗುವ ಬದಲು ಇನ್ನೊಂದು ಅಕ್ಷರವನ್ನು ಕಕ್ಕಿತು. ಸೋಮವಾರದಿಂದ ಹೀಗೇ. ಇವತ್ತು ಗುರುವಾರ. ಸಂಜೆ ನಾಲ್ಕಕ್ಕೆ ಬೆಂಗಳೂರಿನಿಂದ ಕಂಪ್ಯೂಟರ್ ಕಂಪನಿಯ ಇಂಜಿನಿಯರು ಬರುತ್ತಾನೆ. ಅವನು ಬರುವುದರೊಳಗೆ ಅವಳು ಒಂದು ಕಾಗದವನ್ನು ನಕಲು ಮಾಡಿ, ಸಹಿ ಹಾಕಿ ಕೊಡಬೇಕು. ಆ ಕಾಗದ ಪೇಪರ್‌ವೆಯ್ಟಿನ ಕೆಳಗಿದೆ. ಸೂಪರಿಂಟೆಂಡೆಂಟ್ ವೆಂಕಟರವಣಪ್ಪನವರು ತಮ್ಮ ದುಂಡಗಿನ ಅಕ್ಷರದಲ್ಲಿ ತಾವೇ ಬರೆದುಕೊಟ್ಟಿದ್ದಾರೆ. ‘ನನ್ನ ಅಜಾಗರೂಕತೆಯಿಂದಲೂ, ಅಪ್ಪಣೆಯಿಲ್ಲದೆ ಕಂಡ ಕಂಡ ಕೀಗಳನ್ನು ಒತ್ತಿದ್ದರಿಂದಲೂ ಯಂತ್ರವು ಕೆಟ್ಟಿದ್ದು, ಮುಂದೆ ಹೀಗಾಗದಂತೆ ನಡೆದುಕೊಳ್ಳುತ್ತೇನೆಂದು...’ ಕೊನೆಯಲ್ಲಿ ‘ಇಂತಿ ತಮ್ಮ ವಿಧೇಯಳು’ ಎಂದು ಬರೆದು, ಅವಳ ಹೆಸರು ಹಿಡಿಸುವಷ್ಟು ಜಾಗವನ್ನೂ ಬಿಟ್ಟಿದ್ದಾರೆ.

ಅವಳದು ಹಂಗಾಮಿ ಕೆಲಸ. ಚಿಂತಾಮಣಿಯ ಈ ಬೆಳೆಗಾರರ ಒಕ್ಕೂಟಕ್ಕೆ ಟೈಪಿಸ್ಟಾಗಿ ಬಂದು ಎರಡು ವರ್ಷ ತುಂಬಿತು. ಖಾಯಂ ಆಗುವವರ ಪಟ್ಟಿ ಮುಂದಿನ ತಿಂಗಳು ಕೋಲಾರದ ಹೆಡ್ಡಾಫೀಸಿಗೆ ಹೋಗುತ್ತದೆ. ಹೋದ ವರ್ಷವೂ ಹೋಗಿತ್ತು. ಅದನ್ನು ಟೈಪು ಮಾಡಿದವಳು ಅವಳೇ, ಅದರಲ್ಲಿ ಅವಳ ಹೆಸರಿರಲಿಲ್ಲ. ಈ ಕಾಗದ ಒಮ್ಮೆ ಅವಳ ಫೈಲು ಸೇರಿತೆಂದರೆ ಈ ವರ್ಷವೂ ಇರುವುದಿಲ್ಲ, ಇನ್ನು ಯಾವ ವರ್ಷವೂ ಇರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೇನಿದೆ, ಅವಳಿಗೆ ಗೊತ್ತಿದೆ ಅನ್ನುವುದು ಅವರಿಗೆ ಗೊತ್ತಿದೆ. ಮಜಾ ಏನೆಂದರೆ ಸೋಮವಾರ ಬೆಳಿಗ್ಗೆ ಪರದೆ ಹೀಗೆ ಕಲಸಿಹೋದ ಗಳಿಗೆಯಲ್ಲಿ ಅವಳಿಗೆ ಮೊದಲು ಹೊಳೆದದ್ದೂ ಅದೇ: ನಾನೇನು ಮಾಡಿಬಿಟ್ಟೆ. ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಿದ್ದಳು. ಬೆರಳು ಒದ್ದೆ ಇರಲಿಲ್ಲ, ಎಣ್ಣೆ ಇರಲಿಲ್ಲ, ಆದರೂ ಒರೆಸಿಕೊಂಡಿದ್ದಳು. ಅದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ. ಅಪ್ಪ ಮುನಿಶಾಮಪ್ಪ ಮಂಚೇನಹಳ್ಳಿಯಲ್ಲಿ ಪೋಸ್ಟ್‌ಮನ್ ಆಗಿದ್ದಾಗ ಅವಳು ಅಲ್ಲಿಯ ಸ್ಕೂಲಿನಲ್ಲಿ ಆರನೇ ಕ್ಲಾಸು. ಗೋಡೆಯ ಮೇಲಿನ ಭೂಪಟ ಅಡ್ಡಡ್ಡ ಹರಿದಿತ್ತು. ಯಾರು ಹರಿದದ್ದು ಅಂತ ಮೇಷ್ಟ್ರು ಇಡೀ ಕ್ಲಾಸನ್ನು ಕೇಳಿದರು, ಕೇಳುವಾಗ ನೋಡಿದ್ದು ಮಾತ್ರ ಅವಳನ್ನು. ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ನೋಡಿದರು. ಆ ನೋಟ ಎಷ್ಟು ಹೊತ್ತಿತ್ತೆಂದರೆ ಅದನ್ನು ನಿಲ್ಲಿಸಲಿಕ್ಕೆಂದೇ ಅವಳು ಎದ್ದು ನಿಂತು, ನಾನೇ ಸಾರ್, ಅಂದುಬಿಟ್ಟಿದ್ದಳು. ಮುಟ್ಟಿಯೇ ಇರಲಿಲ್ಲ ಆ ಭೂಪಟವನ್ನು. ಮನೆಯಲ್ಲಿ ಇದುವರೆಗೆ ಹೇಳಿಲ್ಲ. ಬೌದ್ಧ ದೀಕ್ಷೆ ತೆಗೆದುಕೊಂಡು, ಹಳೆಯ ದೇವರನ್ನೂ ಹಳೆಯ ಭಯವನ್ನೂ ಒಟ್ಟಿಗೆ ಬಿಟ್ಟೆ ಅಂತ ಹೇಳಿಕೊಳ್ಳುವ ಅಪ್ಪನ ಮುಂದೆ ಇದನ್ನು ಹೇಗೆ ಹೇಳುವುದು.

“ಏಮಮ್ಮಾ, ಇನ್ನೂ ಬರೀಲಿಲ್ವ?” ಅಂದರು ವರಲಕ್ಷ್ಮಮ್ಮ. ಅವರು ಟಪಾಲು ನೋಡಿಕೊಳ್ಳುವವರು, ಎದುರಿನ ಟೇಬಲ್ಲು. ಕವರಿಗೆ ಅಂಟು ಹಚ್ಚುತ್ತಲೇ ಮಾತಾಡುತ್ತಾರೆ, ತಲೆ ಎತ್ತುವುದಿಲ್ಲ. “ಒಂದು ಸಂತಕ ತಾನೆ, ಸೈನು ಹಾಕಿ ಕೊಡು. ಎಂಬತ್ತಾರ್ರಲ್ಲಿ ನಾನೂ ಇಂಥದೇ ಒಂದು ಬರ್ಕೊಟ್ಟಿದ್ದೆ. ಕಳ್ದುಹೋಗಿದ್ದು ರಿಜಿಸ್ಟ್ರು, ಕಳ್ದಿದ್ದು ನಾನಲ್ಲ. ಏನಾಯ್ತು ಈಗ, ಇಲ್ಲೇ ಇದೀನಲ್ಲ.”

“ನೀವು ಆಗ ಖಾಯಮ್ಮು ಅಕ್ಕ.”

ವರಲಕ್ಷ್ಮಮ್ಮ ಅಂಟಿನ ಕಡ್ಡಿಯನ್ನು ಡಬ್ಬಿಗೆ ಅದ್ದಿದರು. “ಅದೂ ನಿಜಾನೆ,” ಅಂದರು. ಇನ್ನೊಂದು ಕವರು ಎತ್ತಿಕೊಂಡು, “ಆದ್ರೂ ದೊಡ್ಡೋರ ಹತ್ರ ಹಟ ಯಾಕಮ್ಮ. ನೀನು ಹಟ ಮಾಡಿದ್ರೆ ಅವ್ರು ಇನ್ನೊಂದು ತಪ್ಪು ಹುಡುಕ್ತಾರೆ.” ಇದನ್ನು ಅವರು ಪ್ರೀತಿಯಿಂದಲೇ ಹೇಳಿದ್ದು. ಶಾಂತಕುಮಾರಿಗೆ ಅದಕ್ಕೇ ಹೆಚ್ಚು ಸಿಟ್ಟು ಬಂತು. ಕೆಟ್ಟದ್ದನ್ನು ಕೆಟ್ಟದಾಗಿ ಹೇಳುವವರ ಜೊತೆ ಜಗಳವಾದರೂ ಆಡಬಹುದು.

ಇನ್ನೊಂದು ಈಗಾಗಲೇ ಹುಡುಕಿಯಾಗಿತ್ತು. ಮಂಗಳವಾರ ಅವಳು ಎಡಿಟರಿನ ಹೆಲ್ಪ್ ಕೀ ಒತ್ತಿದ್ದಳು. ಏನಾದರೂ ತೊಂದರೆ ಬಂದರೆ ಇದನ್ನು ಒತ್ತಿ ಮೇಡಂ, ಎಲ್ಲ ಅದರಲ್ಲೇ ಬರೆದಿದೆ, ಅಂತ ಇಂಜಿನಿಯರು ಹೇಳಿಹೋಗಿದ್ದ. ಆದರೆ ಹೆಲ್ಪೂ ಅದೇ ಒಂದು ಗೆರೆಯಲ್ಲಿ ಬಿದ್ದು ಒದ್ದಾಡಿತು. ಸಹಾಯ ಮಾಡಬೇಕಾದದ್ದೇ ಮೊದಲು ಕೆಟ್ಟಿದ್ದರೆ ಯಾರನ್ನು ಕೇಳುವುದು. ಆಗ ಅವಳಿಗೆ ಹೊಳೆಯಿತು: ಪರದೆಗೆ ಬರಲಾಗದಿದ್ದರೆ ಕಾಗದಕ್ಕೆ ಬರಲಿ. ಹೆಲ್ಪಿನ ಫೈಲು ಎಲ್ಲಿದೆ ಅಂತ ಹುಡುಕಿ, ಅದನ್ನು ನೇರ ಪ್ರಿಂಟರಿಗೆ ಕಳಿಸಿದಳು. ಪ್ರಿಂಟರು ಕಿರುಚಿಕೊಂಡು ಕಾಗದವನ್ನು ಕಾರುತ್ತ ಹೋಯಿತು, ನಿಲ್ಲಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ, ನಿಲ್ಲಿಸುವ ಮನಸ್ಸೂ ಇರಲಿಲ್ಲ. ನಲವತ್ತೆರಡು ಪುಟ. ಅಂಚಿನಲ್ಲಿ ತೂತಿರುವ, ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಹಾಳೆ. ಬುಧವಾರ ಬೆಳಿಗ್ಗೆ ಮೆಮೊ ಬಂತು: ಕಚೇರಿಯ ಕಾಗದವನ್ನು ಸ್ವಂತಕ್ಕೆ ಬಳಸಿದ್ದೇಕೆ. ಸ್ವಂತಕ್ಕೆ ಅನ್ನುವ ಮಾತನ್ನು ಓದಿ ಅವಳಿಗೆ ನಗು ಬಂದಿತ್ತು. ಮಂಗಳವಾರ ಸಂಜೆ ಕೆಂಚಾರ್ಲಹಳ್ಳಿಯ ಬಸ್ಸಿನಲ್ಲಿ, ಪಕ್ಕದಲ್ಲಿ ಟೊಮ್ಯಾಟೊದ ಖಾಲಿ ಕ್ರೇಟುಗಳನ್ನು ಇಟ್ಟುಕೊಂಡಿದ್ದವನು ಆ ಹಾಳೆಗಳನ್ನು ಬಗ್ಗಿ ಬಗ್ಗಿ ನೋಡಿ, ಏನಮ್ಮ ಅದು ಜಾತಕವಾ, ಅಂದಿದ್ದ. ಅವಳು ಹೌದು ಅಂದಿದ್ದಳು.

ಅವಳ ಇಂಗ್ಲಿಷು ಟೈಪಿಂಗಿನ ಇಂಗ್ಲಿಷು. ನಿಮಿಷಕ್ಕೆ ನಲವತ್ತೈದು ಪದ ಹೊಡೆಯಬಲ್ಲಳು, ಅದರಲ್ಲಿ ಇಪ್ಪತ್ತರ ಅರ್ಥ ಗೊತ್ತಿರುತ್ತಿರಲಿಲ್ಲ. ಹೈಸ್ಕೂಲಿನ ಪುಟ್ಟ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲನ್ನು ಬಿಡಿಸಿದಳು. ‘ಗಾರ್ಬಲ್ಡ್’ ಅನ್ನುವ ಪದ ಆ ನಿಘಂಟಿನಲ್ಲಿರಲಿಲ್ಲ; ಗಾರ್ಬೇಜ್ ಆದಮೇಲೆ ನೇರ ಗಾರ್ಡನ್. ಎರಡರ ನಡುವೆ ಏನಿರಬಹುದು ಅಂತ ಊಹಿಸುವುದು ಕಷ್ಟವಾಗಲಿಲ್ಲ, ಎರಡು ದಿನದಿಂದ ಅದನ್ನೇ ನೋಡುತ್ತಿದ್ದಳಲ್ಲ. ಹದಿನೇಳನೇ ಪುಟದಲ್ಲಿ ಇಷ್ಟು ಬರೆದಿತ್ತು: ಪರದೆ ಹೀಗೆ ಕಲಸಿಹೋದರೆ ಗಾಬರಿ ಬೇಡ, ನಿಮ್ಮ ಫೈಲಿಗೆ ಏನೂ ಆಗಿಲ್ಲ. ಅದನ್ನು ಅವಳು ಮೂರು ಸಲ ಓದಿದಳು. ಏನೂ ಆಗಿಲ್ಲ. ಎದುರಿಗಿರುವುದು ಯಾವ ಬಗೆಯ ಟರ್ಮಿನಲ್ಲು ಅನ್ನುವುದು ಕಂಪ್ಯೂಟರಿಗೆ ತಪ್ಪಾಗಿ ತಿಳಿದಿದೆ, ಅಷ್ಟೆ. ಅದು ಬೇರೆ ಯಾವುದೋ ಟರ್ಮಿನಲ್ಲಿಗೆ ಅರ್ಥವಾಗುವ ಮಾತನ್ನು ಇದರ ಹತ್ತಿರ ಆಡುತ್ತಿದೆ. ಮೂವತ್ತೊಂದನೇ ಪುಟದಲ್ಲಿ ಇನ್ನೊಂದು: ಯಾವ ವೈರಿನ ತುದಿಯಲ್ಲಿ ಯಾವ ಬಗೆಯ ಟರ್ಮಿನಲ್ಲಿದೆ ಅನ್ನುವುದನ್ನು ಕಂಪ್ಯೂಟರು ಒಂದು ಕಡೆ ಬರೆದಿಟ್ಟುಕೊಂಡಿರುತ್ತದೆ, ಟರ್ಮಿನಲ್ಲನ್ನು ಬದಲಿಸಿದರೆ ಅದನ್ನೂ ತಿದ್ದಬೇಕು. ಬಸ್ಸು ಆಗ ಯಾವುದೋ ಕ್ರಾಸಿನಲ್ಲಿ ನಿಂತಿತ್ತು. ಅವಳು ಕಿಟಕಿಯ ಸರಳನ್ನು ಹಿಡಿದುಕೊಂಡಳು. ಶನಿವಾರ, ಅಂದುಕೊಂಡಳು.

ಶನಿವಾರದ್ದು ಹೇಳಬೇಕೆಂದರೆ ಅವಳ ಪಾಲನ್ನೂ ಹೇಳಬೇಕು. ಕಂಪ್ಯೂಟರೆಂಬ ನಿಜವಾದ ಪೆಟ್ಟಿಗೆ ಹಿಂದಿನ ತಣ್ಣಗಿನ ಕೋಣೆಯಲ್ಲಿದೆ. ಅಲ್ಲಿಂದ ಎರಡು ವೈರು ಹೊರಟು, ಒಂದನೇ ನಂಬರಿನದು ಸೂಪರಿಂಟೆಂಡೆಂಟರ ಟೇಬಲ್ಲಿಗೂ ಎರಡನೇ ನಂಬರಿನದು ಅವಳ ಟೇಬಲ್ಲಿಗೂ ಬರುತ್ತವೆ. ತುದಿಯಲ್ಲಿ ಒಂದೊಂದು ಟರ್ಮಿನಲ್ಲು, ಅಂದರೆ ಒಂದು ಪರದೆ, ಒಂದು ಕೀಬೋರ್ಡು. ಅವರದು ಮೊದಲಿಂದಲೂ ಇದ್ದದ್ದು, ಹಸಿರು ಅಕ್ಷರ. ಅವಳದು ಸುಟ್ಟುಹೋಗಿ, ಶನಿವಾರಕ್ಕೆ ಹತ್ತು ದಿನ ಮೊದಲು ಇಂಜಿನಿಯರು ಹೊಸದನ್ನು ತಂದು ಕೂರಿಸಿದ್ದ. ಜೇನಿನ ಬಣ್ಣದ ಅಕ್ಷರ, ಕತ್ತು ತಿರುಗಿಸುವ ಪರದೆ. ಜಾಗ ಬದಲಿಸಬಾರದು, ಬದಲಿಸಿದರೆ ಕಂಪನಿ ಹೊಣೆಯಲ್ಲ ಅಂತ ಹೇಳಿ, ಎರಡರ ಬೆನ್ನಿಗೂ ನಂಬರಿನ ಚೀಟಿ ಅಂಟಿಸಿ ಹೋಗಿದ್ದ. ಕೋಲಾರದಿಂದ ಅದೇ ಮಾತಿನ ಸರ್ಕ್ಯುಲರೂ ಬಂದಿತ್ತು. ಆದರೆ ಈ ಕಚೇರಿಯಲ್ಲಿ ಹೊಸ ಕುರ್ಚಿ ಬಂದರೆ ಅದು ಮೊದಲು ಯಾರ ಕೆಳಗೆ ಹೋಗುತ್ತದೆ, ಹಳೆಯದು ಯಾರ ಕೆಳಗೆ ಬರುತ್ತದೆ ಅನ್ನುವುದಕ್ಕೆ ಸರ್ಕ್ಯುಲರು ಬೇಕಿಲ್ಲ. ಫ್ಯಾನೂ ಹಾಗೇ, ಬೀರುವೂ ಹಾಗೇ. ಹೊಸದು ಟೈಪಿಸ್ಟಿನ ಮುಂದೆ, ಹಳೆಯದು ಸೂಪರಿಂಟೆಂಡೆಂಟರ ಮುಂದೆ ಅಂದರೆ ಬಂದವರು ಏನಂದುಕೊಂಡಾರು. ಶನಿವಾರ ಸಂಜೆ ವೆಂಕಟರವಣಪ್ಪನವರು ಅಟೆಂಡರ್ ಎರ್ರಪ್ಪನನ್ನು ಕರೆದು ಎರಡನ್ನೂ ಅದಲುಬದಲು ಮಾಡಿಸಿದರು. ಹೊಸದನ್ನು ತಮ್ಮ ಟೇಬಲ್ಲಿಗೆ ತರುವ ಮೊದಲು ಒದ್ದೆ ಬಟ್ಟೆಯಲ್ಲಿ ಕೀಬೋರ್ಡು ಒರೆಸಿಸಿದರು. ಒಣಗಿದ ಮೇಲೆ ಇನ್ನೊಂದು ಸಲ ಒರೆಸಿಸಿದರು. ಧೂಳು ಕಣೋ, ಅಂದರು ಎರ್ರಪ್ಪನಿಗೆ. ಹತ್ತು ದಿನದ ಯಂತ್ರಕ್ಕೆ ಎಂಥ ಧೂಳು. ಆ ಹತ್ತು ದಿನ ಅದರ ಮೇಲೆ ಇದ್ದದ್ದು ಅವಳ ಬೆರಳು ಮಾತ್ರ. ಅವಳು ನೋಡುತ್ತಿದ್ದಳು, ಎರ್ರಪ್ಪನೂ ಅವಳು ನೋಡುತ್ತಿರುವುದನ್ನು ನೋಡಿದ.

ಇಷ್ಟಾದ ಮೇಲೂ, “ಶಾಂತಕುಮಾರಿ, ನಿಂಗೆ ಇದೆಲ್ಲ ಚೆನ್ನಾಗಿ ಗೊತ್ತಲ್ಲಮ್ಮ, ವೈರು ನೀನೇ ಹಾಕು,” ಅಂತ ವೆಂಕಟರವಣಪ್ಪನವರು ಅಂದಾಗ ಅವಳಿಗೆ ಸಂತೋಷವಾಗಿತ್ತು. ಇದೇ ಅವಳನ್ನು ನಾಲ್ಕು ದಿನದಿಂದ ಒಳಗೊಳಗೇ ತಿನ್ನುತ್ತಿರುವುದು. ಬಗ್ಗಿ, ಟೇಬಲ್ಲಿನ ಹಿಂದೆ ತೂರಿಕೊಂಡು, ಎರಡು ಪುಟ್ಟ ತಿರುಪುಗಳನ್ನು ಬೆರಳಿನಿಂದ ಬಿಗಿಮಾಡಿದ್ದಳು. ನಿಂಗೆ ಗೊತ್ತಲ್ಲ ಅಂದರು ಅನ್ನುವುದೊಂದೇ ಕಿವಿಯಲ್ಲಿತ್ತು. ಇಂಜಿನಿಯರು ಬೇಡ ಅಂದಿದ್ದು ನೆನಪಿತ್ತು, ಹೇಳಲಿಲ್ಲ. ಸೋಮವಾರ ಪರದೆ ಕಲಸಿಹೋದಾಗ ಅವರು ಹೇಳಿದ್ದು ಎಷ್ಟು ಸರಳ: “ನನ್ದು ನೆಟ್ಟಗಿದೆಯಲ್ಲ. ಬದಲಾಯ್ಸಿದ್ದೇ ತಪ್ಪಾಗಿದ್ರೆ ನನ್ದೂ ಕೆಡ್ಬೇಕಿತ್ತು. ನೀನು ಕೂತ ಕಡೇನೇ ಯಾಕೆ ಕೆಡ್ತದೆ?” ಇದಕ್ಕೆ ಉತ್ತರ ಅವಳ ಹತ್ತಿರ ಈಗ ಇದೆ. ಅವರ ಪರದೆ ನೆಟ್ಟಗಿರುವುದು ಅವರು ಅದರಲ್ಲಿ ಏನೂ ಮಾಡದೆ ಇರುವುದರಿಂದ; ಪಟ್ಟಿ ತೆರೆದರೆ ಅದೂ ಕಲಸಿಹೋಗುತ್ತದೆ. ಬಂದವರಿಗೆ ತೋರಿಸಲು ಸ್ವಿಚ್ಚು ಹಾಕುತ್ತಾರೆ. ನಿಮ್ಮ ಹೆಸರೇನು ಅಂತ ಅದು ಕೇಳುತ್ತದೆ. ಸಂಜೆಯವರೆಗೆ ಕೇಳುತ್ತಲೇ ಇರುತ್ತದೆ.

ಅದನ್ನು ಸರಿಪಡಿಸುವ ಸಾಲನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಬುಧವಾರ ರಾತ್ರಿಯಾಗಿತ್ತು, ಮೆಮೊ ಬಂದ ಮೇಲೆ ಅವರ ಕಣ್ಣೆದುರು ಒತ್ತಿ ನೋಡುವಂತೆಯೂ ಇರಲಿಲ್ಲ. ಒಂದೂವರೆಗೆ ಅವರು ಊಟಕ್ಕೆ ಮನೆಗೆ ಹೋದರು. ವರಲಕ್ಷ್ಮಮ್ಮನವರೂ ಡಬ್ಬಿ ತೆಗೆದುಕೊಂಡು ಹಿಂದಿನ ವರಾಂಡಕ್ಕೆ ಹೋದರು. ಶಾಂತಕುಮಾರಿ ಟರ್ಮಿನಲ್ಲಿನ ಬೆನ್ನಿಗೆ ಕತ್ತು ಚಾಚಿ, ತಗಡಿನ ಮೇಲೆ ಕೊರೆದಿದ್ದ ಅದರ ಬಗೆಯ ಹೆಸರನ್ನು ಅಂಗೈಯಲ್ಲಿ ಬರೆದುಕೊಂಡಳು. ಎಡಿಟರಿನಿಂದ ಹೊರಗೆ ಬಂದು, ಹೆಲ್ಪಿನ ಇಪ್ಪತ್ತನೇ ಪುಟದಲ್ಲಿದ್ದ, ಎದುರಿಗಿರುವುದು ಈ ಬಗೆಯ ಟರ್ಮಿನಲ್ಲೆಂದು ಕಂಪ್ಯೂಟರಿಗೆ ಹೇಳುವ ಒಂದು ಸಾಲನ್ನು ಹೊಡೆದಳು. ನಾಲ್ಕು ಸಲ ತಪ್ಪಾಯಿತು. ಒಮ್ಮೆ ಜಾಗ ಬಿಟ್ಟಳು, ಒಮ್ಮೆ ದೊಡ್ಡಕ್ಷರ ಬೀಳಬೇಕಾದಲ್ಲಿ ಸಣ್ಣದು ಬಿತ್ತು, ಅದು ಪ್ರತಿಸಲವೂ ಏನೂ ಹೇಳದೆ ಸುಮ್ಮನಾಯಿತು, ಬೈದಿದ್ದರೂ ಚೆನ್ನಾಗಿತ್ತು. ಐದನೇ ಸಲ ಪಟ್ಟಿಯನ್ನು ತೆರೆದರೆ ಪರದೆ ತೊಳೆದ ಹಾಗೆ ಖಾಲಿಯಾಗಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಹೆಸರು ಬಂದು ತನ್ನ ತನ್ನ ಸಾಲಿನಲ್ಲಿ ನಿಂತಿತು. ಕೊಂಡಪ್ಪ. ಬಯ್ಯಪ್ಪ. ಮುನಿಶಾಮಮ್ಮ. ಚಿಕ್ಕವೆಂಕಟಪ್ಪ. ಬಾಣದ ಕೀ ಒತ್ತಿದರೆ ಮೇಲೆ ಹೋಯಿತು, ಕೆಳಗೆ ಬಂತು. ಅವಳು ಸುಮ್ಮಸುಮ್ಮನೆ ಹತ್ತು ಸಲ ಮೇಲೆ ಕೆಳಗೆ ಓಡಾಡಿದಳು. ಕಣ್ಣಲ್ಲಿ ನೀರು ಬಂತು, ಅದಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ. ಇಡೀ ಚಿಂತಾಮಣಿಯಲ್ಲಿ ಇದನ್ನು ಮಾಡಿದವರು ಇನ್ಯಾರೂ ಇಲ್ಲ, ಬೆಂಗಳೂರಿನವನು ಬರುವ ತನಕ ಇನ್ಯಾರಿಗೂ ಬರುವುದಿಲ್ಲ ಅನ್ನುವ ಜಂಬ ಎದೆಯಲ್ಲಿ ತುಂಬಿಕೊಂಡಿತು. ಬರಲಿ, ಇರಲಿ, ಇಷ್ಟಾದರೂ ನನ್ನದಾಗಿರಲಿ ಅಂದುಕೊಂಡಳು.

ಎರಡೂವರೆಗೆ ವೆಂಕಟರವಣಪ್ಪನವರು ಎಲೆ ಅಡಿಕೆ ಜಗಿಯುತ್ತ ಒಳಗೆ ಬಂದು, ಅವಳ ಹಿಂದೆ ನಿಂತು ಪರದೆಯನ್ನು ನೋಡಿದರು.

“ಸರಿಹೋಯ್ತಲ್ಲಮ್ಮ.”

“ಹೂಂ ಸಾರ್. ಹೆಲ್ಪಲ್ಲಿ ಓದಿ ಮಾಡ್ದೆ. ಟರ್ಮಿನಲ್ ಬದಲಾಯ್ಸಿದ್ದಕ್ಕೇ ಹಿಂಗಾಗಿತ್ತು.”

“ಅದೆಲ್ಲ ನಂಗೆ ಗೊತ್ತಾಗಲ್ಲ. ನೀನು ಒತ್ತಿದ್ಮೇಲೆ ಸರಿಹೋಯ್ತು ಅಂದ್ರೆ, ನೀನು ಒತ್ತಿದ್ಮೇಲೇ ಕೆಟ್ಟಿದ್ದು ಅಂತಲೂ ಆಯ್ತಲ್ಲ.” ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಮಗಳಿಗೆ ಮಗ್ಗಿ ಹೇಳಿಕೊಡುವಂತೆ ಹೇಳಿದರು. ಆಮೇಲೆ ದನಿ ಇಳಿಸಿ, “ನೋಡಮ್ಮ, ಕಾಗದ ಬರ್ದು ಕೊಟ್ಬಿಡು. ಇಂಜಿನಿಯರು ಬರ್ತಾನೆ, ಎಲ್ಲ ಸರಿಯಿದೆ ಅಂತ ಬರ್ಕೊಂಡು ಹೋಗ್ತಾನೆ. ಕೋಲಾರದೋರು ಕೇಳಿದ್ರೆ ತೋರ್ಸಕ್ಕೆ ಒಂದು ಕಾಗದ ಇರ್ಲಿ ಅಷ್ಟೆ. ಖಾಯಮ್ಮಿನ ಪಟ್ಟೀಲಿ ನಿನ್ನ ಹೆಸ್ರು ಹಾಕ್ಸೋದು ನನ್ನ ಜವಾಬ್ದಾರಿ. ನಾನೇನು ನಿಂಗೆ ಕೆಟ್ಟದ್ದು ಮಾಡ್ತೀನಾ?” ಅಂದರು.

ಅವಳು ಬಿಳಿ ಹಾಳೆ ತೆಗೆದುಕೊಂಡಳು. ತಾರೀಖು ಬರೆದಳು, ತೊಂಬತ್ತೊಂದನೇ ಇಸವಿಯನ್ನೂ ಪೂರ್ತಿಯಾಗಿ ಬರೆದಳು. ‘ಗೆ’ ಅಂತ ಬರೆದು ಅವರ ಹೆಸರು, ಹುದ್ದೆ, ವಿಳಾಸ ಎಲ್ಲ ಬರೆದಳು. ಎರಡು ಹಸಿದ ವರ್ಷ, ಅದರ ತುದಿಯಲ್ಲಿ ಖಾಯಮ್ಮು ಅನ್ನುವ ಒಂದು ಮಾತು. ಮನೆಗೆ ಹೋಗಿ ಹೇಳಿದರೆ ಅವ್ವ ಏನು ಮಾಡುತ್ತಾಳೆ ಅನ್ನುವುದೂ ಕಣ್ಣಿಗೆ ಕಟ್ಟಿತು. ಅವರು ಮಾತು ಉಳಿಸಿಕೊಳ್ಳಲೂಬಹುದು. ಕೆಟ್ಟ ಮನುಷ್ಯರಲ್ಲ. ಅವಳ ಅಕ್ಕನ ಮದುವೆಗೆ ಬಂದು ಹಾರ ಹಾಕಿ ಹೋಗಿದ್ದರು, ಊಟಕ್ಕೆ ನಿಲ್ಲಲಿಲ್ಲ, ಆದರೆ ಬಂದಿದ್ದರು. ‘ನನ್ನ’ ಅಂತ ಬರೆದಳು. ಮುಂದಿನ ಪದ ಅಜಾಗರೂಕತೆ. ಪೆನ್ನು ಅಲ್ಲೇ ನಿಂತಿತು. ಈ ಪಟ್ಟಿ, ಈ ಕಂಪ್ಯೂಟರು, ನಲವತ್ತೆರಡು ಪುಟ, ಬಸ್ಸಿನ ಕುಲುಕಾಟದಲ್ಲಿ ಬಿಡಿಸಿದ ಒಂದೊಂದು ಸಾಲು: ಇವತ್ತಿಗೆ ಈ ಕಚೇರಿಯಲ್ಲಿ ಜಾಗರೂಕಳಾಗಿರುವವಳು ತಾನೊಬ್ಬಳೇ. ಬೇರೆ ಯಾವ ತಪ್ಪನ್ನಾದರೂ ಬರೆದುಕೊಡಬಹುದಿತ್ತು, ಇದನ್ನು ಹೇಗೆ ಬರೆಯುವುದು. ಇದನ್ನು ಬರೆದುಕೊಟ್ಟು ಪಡೆದ ಖಾಯಮ್ಮಿನ ಮೇಲೆ ಮೂವತ್ತು ವರ್ಷ ಕೂರಬೇಕು, ಪ್ರತಿದಿನವೂ ಬೆರಳು ಒರೆಸಿಕೊಂಡು ಕೂರಬೇಕು. ಅವಳು ಪೆನ್ನಿನ ಮುಚ್ಚಳ ಹಾಕಿದಳು. ಹಾಳೆಯನ್ನು ಹರಿಯಲಿಲ್ಲ. ಅಷ್ಟಕ್ಕೇ ಬಿಟ್ಟಳು.

ನಾಲ್ಕೂ ಹತ್ತಕ್ಕೆ ಇಂಜಿನಿಯರು ಬಂದ. ಸಣಕಲು ಮನುಷ್ಯ, ಹೆಗಲಿಗೆ ಚೀಲ, ವಾಪಸು ಹೋಗುವ ಬಸ್ಸಿನ ಹೊತ್ತನ್ನು ಕೇಳುತ್ತಲೇ ಒಳಗೆ ಬಂದ. ಎರ್ರಪ್ಪ ಕಾಫಿ ತಂದಿಟ್ಟ. ವೆಂಕಟರವಣಪ್ಪನವರು ಅವಳ ಟೇಬಲ್ಲಿನ ಹತ್ತಿರಕ್ಕೇ ಅವನನ್ನು ಕರೆತಂದು, “ನಿಮಗೆ ಸುಮ್ನೆ ತೊಂದ್ರೆ ಆಯ್ತು. ನಮ್ಮ ಹುಡುಗಿ ಏನೋ ಒತ್ತಿ ಕೆಡಿಸ್ಕೊಂಡಿದ್ಳು. ಈಗ ತಾನಾಗೇ ಸರಿಹೋಗಿದೆ, ನೋಡಿ,” ಅಂದರು. ಇಂಜಿನಿಯರು ಪರದೆಯನ್ನು ನೋಡಿದ. ಹೆಸರುಗಳು ಸಾಲಾಗಿ ನಿಂತಿದ್ದವು. ಅವನು ಚೀಲದಿಂದ ರಿಪೋರ್ಟಿನ ಪುಸ್ತಕ ತೆಗೆದ. ಬರೆಯಲು ಪೆನ್ನು ಹುಡುಕಿ ಜೇಬು ತಡಕಿದ. ಇನ್ನೆರಡು ನಿಮಿಷ ಸುಮ್ಮನಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಯಾರಿಗೂ ಏನೂ ಆಗಿರುತ್ತಿರಲಿಲ್ಲ, ಅವಳಿಗೊಬ್ಬಳಿಗೆ ಬಿಟ್ಟು.

“ತಾನಾಗೇ ಸರಿಹೋಗಿಲ್ಲ ಸಾರ್,” ಅಂದಳು ಶಾಂತಕುಮಾರಿ. ತನ್ನ ದನಿ ಇಷ್ಟು ಸಾಮಾನ್ಯವಾಗಿರುವುದು ಅವಳಿಗೇ ಆಶ್ಚರ್ಯವಾಯಿತು. ಅವಳು ಹೊಡೆದ ಆ ಒಂದು ಸಾಲು, ಅವಳು ಕೂತಿರುವಷ್ಟು ಹೊತ್ತು ಮಾತ್ರ. ಲಾಗೌಟ್ ಮಾಡಿದರೆ ಕಂಪ್ಯೂಟರು ಅದನ್ನು ಮರೆತು ತಾನು ಬರೆದಿಟ್ಟುಕೊಂಡದ್ದನ್ನೇ ನಂಬುತ್ತದೆ. ಅದೂ ಇಪ್ಪತ್ತನೇ ಪುಟದಲ್ಲೇ ಇತ್ತು. ಅವಳು ಪಟ್ಟಿಯನ್ನು ಮುಚ್ಚಿದಳು, ಲಾಗೌಟ್ ಮಾಡಿದಳು. ಮತ್ತೆ ಹೆಸರು, ಮತ್ತೆ ಪಾಸ್‌ವರ್ಡು. ಮತ್ತೆ ಪಟ್ಟಿ ತೆರೆದಳು. ನಾಲ್ಕು ದಿನ ಅವಳು ಹೆದರಿದ್ದು ಯಾವುದಕ್ಕೋ ಅದನ್ನು ಈಗ ಅವಳೇ ಕರೆದು ಎಲ್ಲರ ಮುಂದೆ ಕೂರಿಸಿದಳು. ಪರದೆ ಕಲಸಿಹೋಯಿತು.

ಇಂಜಿನಿಯರು ಪೆನ್ನು ಕೆಳಗಿಟ್ಟ. ಬಗ್ಗಿ, ಟರ್ಮಿನಲ್ಲಿನ ಬೆನ್ನನ್ನು ತನ್ನ ಕಡೆ ತಿರುಗಿಸಿಕೊಂಡು, ಚೀಟಿಯನ್ನು ಓದಿದ. ವೈರಿನ ಚೀಟಿಯನ್ನೂ ಓದಿದ. “ಇದು ಒಂದನೇ ನಂಬರಿಂದಲ್ವ? ಎರಡನೇ ವೈರಿಗೆ ಹೆಂಗೆ ಬಂತು? ಅಲುಗಾಡಿಸ್ಬೇಡಿ ಅಂತ ಹೇಳಿದ್ದೆ. ಯಾರು ಇದನ್ನ ಎತ್ತಿಟ್ಟಿದ್ದು?”

ವರಲಕ್ಷ್ಮಮ್ಮನವರ ಅಂಟಿನ ಕಡ್ಡಿ ನಿಂತಿತು. ವೆಂಕಟರವಣಪ್ಪನವರು ಮೆಲ್ಲಗೆ ತಲೆ ತಿರುಗಿಸಿ ಎರ್ರಪ್ಪನನ್ನು ನೋಡಿದರು. ಬೈಯಲಿಲ್ಲ, ಏನೂ ಹೇಳಲಿಲ್ಲ, ಸುಮ್ಮನೆ ನೋಡಿದರು. ಎರ್ರಪ್ಪ ಕೈಯಲ್ಲಿದ್ದ ಖಾಲಿ ಲೋಟಗಳನ್ನು ಟೇಬಲ್ಲಿನ ಮೇಲಿಟ್ಟ. ಅವನು ಬಾಯಿ ತೆರೆಯುವುದರಲ್ಲಿದ್ದ, ಏನು ಹೇಳುತ್ತಾನೆ ಅನ್ನುವುದು ಅವಳಿಗೆ ಅವನಿಗಿಂತ ಮೊದಲೇ ಗೊತ್ತಾಯಿತು.

“ಎರ್ರಪ್ಪಂದೇನೂ ಇಲ್ಲ ಸಾರ್,” ಅಂದಳು. “ಶನಿವಾರ ಸಂಜೆ ಹೊತ್ತಿದ್ದು ಅವನು, ವೈರು ಬಿಗಿ ಮಾಡಿದ್ದು ನಾನು. ಬೇಡ ಅಂತ ನೀವು ಹೇಳಿದ್ದು ನಂಗೆ ನೆನಪಿತ್ತು, ಬಾಯಿ ಬಿಡ್ಲಿಲ್ಲ, ಅದು ನನ್ನ ತಪ್ಪು. ಅದನ್ನ ಬರ್ದುಕೊಡ್ತೀನಿ. ಬದಲಾಯ್ಸಿ ಅಂತ ಹೇಳಿದ್ದು ಸೂಪರಿಂಟೆಂಡೆಂಟ್ ಸಾರು.”

ವೆಂಕಟರವಣಪ್ಪನವರ ಮುಖ ಕೆಂಪಾಗಲಿಲ್ಲ, ಅವರು ಜೋರಾಗಿ ಮಾತಾಡಲೂ ಇಲ್ಲ. ಹೊರಗಿನವನ ಮುಂದೆ ಅವರು ಯಾವತ್ತೂ ಜೋರಾಗಿ ಮಾತಾಡುವವರಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು, ಪರದೆಯ ಕಡೆ ಗಲ್ಲ ತೋರಿಸಿ, “ಶಾಂತಕುಮಾರಿ, ಮೊದ್ಲು ಅದನ್ನ ಸರಿಮಾಡು. ಆಮೇಲೆ ಮಾತಾಡಣ,” ಅಂದರು.

ಅವಳ ಕೈ ತಾನಾಗಿ ಕೀಬೋರ್ಡಿನ ಕಡೆ ಹೋಯಿತು. ಎರಡು ವರ್ಷದ ಅಭ್ಯಾಸ, ಅದಕ್ಕೂ ಹಿಂದಿನ ಎಷ್ಟೋ ವರ್ಷಗಳ ಅಭ್ಯಾಸ. ಒಂದೇ ಸಾಲು, ಈಗ ಕಣ್ಣು ಮುಚ್ಚಿ ಹೊಡೆಯಬಲ್ಲಳು. ಬೆರಳು ಮೊದಲ ಕೀಯ ಮೇಲೆ ಕೂತೂ ಆಗಿತ್ತು. ಅವಳು ಅದನ್ನು ಅಲ್ಲಿಂದ ಎತ್ತಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು.

“ಮೊದ್ಲು ಮಾತಾಡಣ ಸಾರ್,” ಅಂದಳು. “ಆಮೇಲೆ ಸರಿಮಾಡ್ತೀನಿ.”